ಹೊಸ ರಿವಾಲ್ವರಿನ ನಾಲ್ಕನೇ ಮನೆ

ಎಲ್ಲರಿಗೂ ನಮಸ್ಕಾರ.

'ಕ್ವಾಲಿಟಿ ಕಂಟ್ರೋಲ್ ಬಗ್ಗೆ ಒಂದು ತಾಸು ಮಾತಾಡ್ರಿ ಸರ್' ಅಂತ ನಿಮ್ಮ ಮೇಷ್ಟ್ರು ಫೋನ್ ಮಾಡಿದಾಗ ನಾನು ಒಪ್ಪಿಕೊಂಡೆ, ಆಮೇಲೆ ಚಿಂತೆಗೆ ಬಿದ್ದೆ. ನಾನು 31 ವರ್ಷ ಬೆಳಗಾವಿಯ ಉದ್ಯಮಬಾಗಿನ ಒಂದು ಮಷೀನ್ ಶಾಪಿನಲ್ಲಿ ಇನ್‌ಸ್ಪೆಕ್ಷನ್ ಟೇಬಲ್ ಮುಂದೆ ಕೂತವನು. ಪಂಪಿನ ಬಾಡಿ, ವಾಲ್ವಿನ ಸ್ಪೂಲು, ಗೇರ್‌ಬಾಕ್ಸ್ ಹೌಸಿಂಗು ಅಂತ ಶುರು ಮಾಡಿದರೆ ಹಿಂದಿನ ಬೆಂಚಿನವರು ಹತ್ತು ನಿಮಿಷಕ್ಕೆ ಮೊಬೈಲ್ ತೆಗೆಯುತ್ತಾರೆ. ಅದಕ್ಕೇ ಇವತ್ತು ಒಂದು ರಿವಾಲ್ವರಿನ ಸಂಗತಿ ತಂದಿದ್ದೇನೆ. ರಿವಾಲ್ವರ್ ತಂದಿಲ್ಲ, ಗಾಬರಿಯಾಗಬೇಡಿ. ಅದರ ಜೊತೆ ಬಂದ ಎರಡು ಚೀಟಿಗಳ ಝೆರಾಕ್ಸ್ ಮಾತ್ರ ಈ ಅಂಗಿ ಜೇಬಿನಲ್ಲಿವೆ.

ನಮ್ಮ ಅಕ್ಕನ ಗಂಡ, ನಾನು ಮಾಮಾ ಅನ್ನುವವರು, ಬೈಲಹೊಂಗಲ ಕಡೆಯ ರೈತರು. ಕಬ್ಬು, ಸ್ವಲ್ಪ ಹತ್ತಿ. ತೋಟದ ಮನೆಯಲ್ಲಿ ಒಬ್ಬರೇ ಇರುತ್ತಾರೆ. ವರ್ಷಗಟ್ಟಲೆ ಓಡಾಡಿ ಲೈಸೆನ್ಸ್ ಪಡೆದು 32 ಬೋರಿನ ಹೊಸ ರಿವಾಲ್ವರ್ ಕೊಂಡರು. 9 ಎಂಎಂ ನಮ್ಮಂಥವರಿಗೆ ನಿಷಿದ್ಧ ಬೋರು, ಹಾಗಾಗಿ ಲೈಸೆನ್ಸ್‌ದಾರರ ಕೈಯಲ್ಲಿ ಕಾಣುವ ಸಣ್ಣ ಗನ್ನು ಬಹುಮಟ್ಟಿಗೆ ಈ 32. ಯಾವ ಕಾರ್ಖಾನೆಯದು ಅಂತ ಕೇಳಬೇಡಿ, ಹೇಳುವುದಿಲ್ಲ. ಲಕ್ಷದ ಮೇಲೆ ದುಡ್ಡು ಕೊಟ್ಟಿದ್ದರು. ಡಬ್ಬಿ ಬಿಚ್ಚಿದರೆ ಎಣ್ಣೆಯ ವಾಸನೆ, ಕನ್ನಡಿಯಂಥ ಪಾಲಿಶ್. ಒಳಗೊಂದು ಚೀಟಿ: 'ಟೆಸ್ಟೆಡ್ ಓಕೆ'. ಕೆಳಗೆ ಒಂದು ಗೀಚು. ಅದು ಸಹಿ.

ಶೂಟಿಂಗ್ ರೇಂಜಿಗೆ ಹೋದಾಗ ನಾನೂ ಜೊತೆಗಿದ್ದೆ. ಮೂರು ಗುಂಡು ಹಾರಿದವು. ನಾಲ್ಕನೆಯದಕ್ಕೆ 'ಟಕ್' ಅಂತ ಸದ್ದಷ್ಟೇ. ತಡವಾಗಿ ಹಾರುವ ಗುಂಡೂ ಉಂಟು, ಹಾಗಾಗಿ ಬಾಯಿ ಗುರಿಯ ಕಡೆಗೇ ಇಟ್ಟುಕೊಂಡು ಅರ್ಧ ನಿಮಿಷ ಕಾದೆವು. ಏನೂ ಇಲ್ಲ. ಐದು, ಆರು ಹಾರಿದವು. ಒಂದು ಸುತ್ತು ಬಂದು ಅದೇ ನಾಲ್ಕನೆಯದರ ಮೇಲೆ ಮತ್ತೆ ಹ್ಯಾಮರ್, ಅಂದರೆ ಗುಂಡಿಗೆ ಬಡಿಯುವ ಸುತ್ತಿಗೆ, ಬಿದ್ದಾಗ ಅದು ಹಾರಿತು!

'ಕಾಡತೂಸು ಹಳೇದಿರಬೇಕು ತಮ್ಮಾ' ಅಂದರು ಮಾಮಾ.

'ಇರಬಹುದು ಮಾಮಾ, ಆದರ ಒಂದು ನೋಡೂಣು. ಆರೂ ಮನೀಗೆ ನಂಬರ್ ಹಾಕ್ರಿ.'

ಸಿಲಿಂಡರಿನಲ್ಲಿ ಗುಂಡು ಕೂರುವ ಆರು ತೂತುಗಳಿಗೆ ನಾವು ಮನೆ ಅಂದೆವು, ಅಳಗುಳಿ ಮನೆ ಇದ್ದಂಗೆ. ಮಾರ್ಕರ್‌ನಿಂದ ಒಂದರಿಂದ ಆರರವರೆಗೆ ಬರೆದರು. ಇನ್ನೂ ಎರಡು ಸಲ ತುಂಬಿ ಹಾರಿಸಿದರು. ಎರಡೂ ಸಲ ನಾಲ್ಕನೇ ಮನೆ ಮೊದಲ ಏಟಿಗೆ ಮುಷ್ಕರ, ಎರಡನೇ ಏಟಿಗೆ ರಾಜಿ. ಕಾಡತೂಸಿನದಾಗಿದ್ದರೆ ತಪ್ಪು ಮನೆಯಿಂದ ಮನೆಗೆ ಅಲೆಯಬೇಕಿತ್ತು. ಅದು ಒಂದೇ ಮನೆಯಲ್ಲಿ ಸಂಸಾರ ಹೂಡಿತ್ತು.

ಇಷ್ಟು ಕಂಡುಹಿಡಿಯಲು 18 ಗುಂಡು ಖರ್ಚಾದವು. ಮಾಮಾ ಅವರ ಲೈಸೆನ್ಸಿನಲ್ಲಿ ವರ್ಷಕ್ಕೆ 25 ಅಂತ ಬರೆದಿದೆ. ಉಳಿದದ್ದು ಏಳು. ಅಮೆರಿಕದಲ್ಲಿ ಹೊಸ ಪಿಸ್ತೂಲು ತಡವರಿಸಿದರೆ 'ಮೊದಲು 200 ಗುಂಡು ಹಾರಿಸಿ, ಪಳಗುತ್ತದೆ' ಅನ್ನುವ ಮಾತಿದೆ, ಹೊಸ ಟ್ರ್ಯಾಕ್ಟರಿಗೆ ನಾವು ರನ್ನಿಂಗ್-ಇನ್ ಅಂದಂತೆ. ಅದು ಒಂದು ನೆಪ ಅಂತಲೇ ನನ್ನ ಅಭಿಪ್ರಾಯ. ಕಾರ್ಖಾನೆ ಮಾಡಬೇಕಾದ ಫಿನಿಶಿಂಗನ್ನು ಗಿರಾಕಿಯ ದುಡ್ಡಿನಲ್ಲಿ, ಗಿರಾಕಿಯ ಗುಂಡಿನಲ್ಲಿ ಮಾಡಿಸುವುದು. ನಮ್ಮ ಮಾಮಾಗೆ 200 ಗುಂಡು ಅಂದರೆ ಎಂಟು ವರ್ಷ. ಅಷ್ಟರೊಳಗೆ ಐದು ವರ್ಷದ ಲೈಸೆನ್ಸ್ ಒಮ್ಮೆ ಮುಗಿದು ನವೀಕರಣವೂ ಆಗಿರುತ್ತದೆ.

ಈಗ ಆ 'ಟೆಸ್ಟೆಡ್ ಓಕೆ' ಚೀಟಿಗೆ ಬರೋಣ. ಏನನ್ನು ಟೆಸ್ಟ್ ಮಾಡಿದರು?

ಬಂದೂಕಿನ ಲೋಕದಲ್ಲಿ ಪ್ರೂಫ್ ಅನ್ನುವ ಪದ್ಧತಿ ಹಳೆಯದು. ಲಂಡನ್ನಿನ ಬಂದೂಕು ಕಸುಬುದಾರರ ಸಂಘಕ್ಕೆ 1637ರಲ್ಲಿ ರಾಜ ಸನದು ಸಿಕ್ಕಿತು. ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ 1813ರದು. ಮಾಮೂಲಿಗಿಂತ ಹೆಚ್ಚು ಒತ್ತಡದ ಗುಂಡು ಹಾಕಿ ಹಾರಿಸುತ್ತಾರೆ. ಯುರೋಪಿನ ಈಗಿನ ನಿಯಮದಲ್ಲಿ ಕೈಬಂದೂಕಿಗೆ ಇದು ಶೇ 30ರಷ್ಟು ಹೆಚ್ಚು. ಬ್ಯಾರಲ್ ಸೀಳದಿದ್ದರೆ ಮುದ್ರೆ ಹೊಡೆಯುತ್ತಾರೆ. ಆ ಮುದ್ರೆ ಹೇಳುವುದು ಇಷ್ಟೇ: ಇದು ನಿಮ್ಮ ಕೈಯಲ್ಲಿ ಸಿಡಿಯುವುದಿಲ್ಲ. ಆರಕ್ಕೆ ಆರೂ ಹಾರುತ್ತವೆ ಅಂತ ಅದು ಎಲ್ಲೂ ಹೇಳಿಲ್ಲ. ನಮ್ಮಲ್ಲಿ ವಾಲ್ವಿಗೆ ಪ್ರೆಶರ್ ಟೆಸ್ಟ್ ಮಾಡಿ, ಹ್ಯಾಂಡಲ್ ತಿರುಗುತ್ತದೋ ಇಲ್ಲವೋ ನೋಡದೆ ಕಳಿಸಿದ ಹಾಗೆ. ನಗಬೇಡಿ, ನಾವು ಕಳಿಸಿದ್ದೇವೆ. ಪುಣೆಯಿಂದ ಇಡೀ ಲಾಟ್ ವಾಪಸ್ ಬಂದಿತ್ತು.

ಕೆಲಸ ಮಾಡುತ್ತದೋ ಅನ್ನುವ ಪರೀಕ್ಷೆ ಬೇರೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಕಾನೂನಿನಲ್ಲಿ ಅದನ್ನು ಬಿಡಿಸಿ ಬರೆದಿದ್ದಾರೆ. ಒಂದು ಮಾದರಿಯ ಮೂರು ಗನ್ನು, ಒಂದೊಂದಕ್ಕೂ 600 ಗುಂಡು. ಮೊದಲ 20ರಲ್ಲಿ ಒಂದೂ ತಡವರಿಸಬಾರದು, ಒಟ್ಟು 600ರಲ್ಲಿ ಆರಕ್ಕಿಂತ ಹೆಚ್ಚು ತಪ್ಪು ಆಗಬಾರದು. ಒಳ್ಳೆಯದೇ. ಆದರೆ ಅದು ಮಾದರಿಯ ಪರೀಕ್ಷೆ. ಆ ಮೂರನ್ನು ಕಾರ್ಖಾನೆಯವರು ಮುದ್ದಾಡಿ ಕಳಿಸಿರುತ್ತಾರೆ. ನಿಮ್ಮ ಕೈಗೆ ಬರುವುದು ತಿಂಗಳ ಕೊನೆಯ ದಿನ, ಡಿಸ್ಪ್ಯಾಚ್ ಗಡಿಬಿಡಿಯಲ್ಲಿ ಜೋಡಿಸಿದ್ದು ಇರಬಹುದು.

ನನಗೆ ಎಲ್ಲಕ್ಕಿಂತ ಸಿಟ್ಟು ಬರುವುದು ಯಾಕೆ ಗೊತ್ತೇ? ಅಳತೆ ಸರಿಯೋ ತಪ್ಪೋ ನೋಡಲು ನೀವು ವರ್ಕ್‌ಶಾಪಿನಲ್ಲಿ ಹಿಡಿಯುವ ಗೋ, ನೋ-ಗೋ ಗೇಜಿನ ವಂಶ ಹುಡುಕುತ್ತಾ ಹೋದರೆ ಅದು ಬಂದೂಕಿನ ಕಾರ್ಖಾನೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ. 1785ರಲ್ಲಿ ಫ್ರಾನ್ಸಿನಲ್ಲಿ ಒನೊರೆ ಬ್ಲಾಂಕ್ ಅನ್ನುವ ಬಂದೂಕು ಕಸುಬುದಾರ 50 ಮಸ್ಕೆಟ್ಟುಗಳ ಲಾಕುಗಳನ್ನು, ಅಂದರೆ ಗುಂಡು ಹಾರಿಸುವ ಯಂತ್ರಭಾಗಗಳನ್ನು, ಬಿಚ್ಚಿ, ಬಿಡಿಭಾಗಗಳನ್ನು ಖಾನೆ ಖಾನೆಯಾಗಿ ಇಟ್ಟಿದ್ದ. ನೋಡಲು ಹೋದವರು ಥಾಮಸ್ ಜೆಫರ್ಸನ್, ಆಗ ಅಲ್ಲಿ ಅಮೆರಿಕದ ರಾಯಭಾರಿ. ಕೈಗೆ ಸಿಕ್ಕಿದ ತುಂಡುಗಳನ್ನು ಎತ್ತಿಕೊಂಡು ತಾವೇ ಕೆಲವು ಲಾಕು ಜೋಡಿಸಿದರು, ಎಲ್ಲವೂ ಕೂತವು ಅಂತ ಊರಿಗೆ ಪತ್ರ ಬರೆದರು. ಯಾವ ತುಂಡಾದರೂ ಯಾವುದಕ್ಕಾದರೂ ಕೂರಬೇಕು ಅನ್ನುವ ಹಟ ಅಲ್ಲಿಂದ ಹೊರಟು ಹೊಲಿಗೆ ಯಂತ್ರ, ಸೈಕಲ್, ಕಾರು ಎಲ್ಲ ದಾಟಿ ನಮ್ಮ ಉದ್ಯಮಬಾಗಿಗೂ ಬಂತು. ಆ ವಿದ್ಯೆಯ ತವರುಮನೆಯವರೇ ನಾಲ್ಕನೇ ಮನೆ ನೋಡದೆ ಡಬ್ಬಿ ಮುಚ್ಚಿದರೆ ಏನನ್ನಬೇಕು?

ನೋಡಲೇ ಇಲ್ಲ ಅಂತಲ್ಲ, ಸ್ಯಾಂಪಲ್ ನೋಡಿರಬಹುದು. ಸ್ಯಾಂಪ್ಲಿಂಗಿನ ಐಎಸ್ 2500 ಅನ್ನುವ ಭಾರತೀಯ ಮಾನಕದ ಕೋಷ್ಟಕ ನಿಮ್ಮ ಸಿಲಬಸ್ಸಿನಲ್ಲಿ ಇದ್ದೇ ಇರುತ್ತದೆ. ಇದು ಸೈನ್ಯದ ಖರೀದಿಗೆಂದು ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಳೆದ ಲೆಕ್ಕ. ಒಂದು ಲಾಟಿನಲ್ಲಿ 500 ಸಿಲಿಂಡರ್ ಅಂದುಕೊಳ್ಳಿ. ಸಾಮಾನ್ಯ ಮಟ್ಟದ ತಪಾಸಣೆ, ಎಕ್ಯೂಎಲ್ 1, ಅಂದರೆ ನೂರಕ್ಕೆ ಒಂದರಷ್ಟು ಕೆಟ್ಟದ್ದನ್ನು ಸಹಿಸುವ ಮಟ್ಟ. ಕೋಷ್ಟಕ ಹೇಳುವುದು: 50 ತೆಗೆದು ನೋಡು. ಕೆಟ್ಟದ್ದು ಒಂದು ಸಿಕ್ಕರೂ ಲಾಟ್ ಪಾಸ್, ಎರಡು ಸಿಕ್ಕರೆ ವಾಪಸ್. ಈಗ ಆ 500ರಲ್ಲಿ ನಿಜವಾಗಿ 10 ಕೆಟ್ಟಿವೆ ಅಂದುಕೊಂಡು ಲೆಕ್ಕ ಹಾಕಿ. ಪೆನ್ನಿದ್ದವರು ಹಾಕಿರಿ, ಬೈನಾಮಿಯಲ್ ಗೊತ್ತಲ್ಲ. ಆ ಲಾಟ್ ಪಾಸಾಗುವ ಸಾಧ್ಯತೆ ಸುಮಾರು ಶೇ 74. ಹೆಚ್ಚು ಕಡಿಮೆ ನಾಲ್ಕರಲ್ಲಿ ಮೂರು ಸಲ ಆ ಹತ್ತರಲ್ಲಿ ಒಂಬತ್ತಾದರೂ ಪಾಲಿಶ್ ಆಗಿ ಡಬ್ಬಿ ಸೇರುತ್ತವೆ. ಇನ್‌ಸ್ಪೆಕ್ಟರ್ ಕದ್ದಿಲ್ಲ, ಮಲಗಿಲ್ಲ, ಪುಸ್ತಕದಲ್ಲಿ ಇದ್ದಂತೆಯೇ ಮಾಡಿದ್ದಾನೆ. ಪಂಪಿನ ಬೋಲ್ಟಿಗೆ ಈ ಲೆಕ್ಕ ಸಾಕು. ರಾತ್ರಿ ಎರಡು ಗಂಟೆಗೆ ತೋಟದ ಮನೆಯಲ್ಲಿ ದಿಂಬಿನ ಪಕ್ಕ ಇರುವ ವಸ್ತುವಿಗೆ ಸಾಕೇ? ಅಲ್ಲಿ ಒಂದೊಂದನ್ನೂ, ಆರಾರು ಮನೆಯನ್ನೂ ನೋಡಬೇಕು ಅನ್ನುವವನು ನಾನು. ಖರ್ಚಾಗುತ್ತದೆ ಅಂದರೆ ಆಗಲಿ, ಲಕ್ಷದ ಮೇಲೆ ತೆಗೆದುಕೊಂಡಿದ್ದೀರಲ್ಲ.

ದೊಡ್ಡ ಹೆಸರಿನ ಕಂಪನಿಗಳೂ ಇದರಿಂದ ತಪ್ಪಿಸಿಕೊಂಡಿಲ್ಲ. 2020ರ ನವೆಂಬರಿನಲ್ಲಿ ಸ್ಮಿತ್ ಅಂಡ್ ವೆಸನ್ ತನ್ನ ಶೀಲ್ಡ್ ಈಝೀ ಪಿಸ್ತೂಲುಗಳನ್ನು ವಾಪಸ್ ಕರೆಸಿತು. ಆ ವರ್ಷದ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ತಯಾರಾದ ಕೆಲವು ಪಿಸ್ತೂಲುಗಳ ಹ್ಯಾಮರ್ ಡ್ರಾಯಿಂಗಿನ ಪ್ರಕಾರ ಇರಲಿಲ್ಲ, ಬಿರುಕು ಬಿಡುವ ಸಂಭವವಿತ್ತು. ಎಂಟು ತಿಂಗಳ ಮಾಲು, ಬರೇ ಒಂದು ಹ್ಯಾಮರಿನಿಂದ.

ಇಂಥ ಸಣ್ಣ ಭಾಗಗಳನ್ನು ಈಗ ಹಲವು ಕಂಪನಿಗಳು ಎಂಐಎಂ, ಅಂದರೆ ಮೆಟಲ್ ಇಂಜೆಕ್ಷನ್ ಮೋಲ್ಡಿಂಗ್, ವಿಧಾನದಲ್ಲಿ ಮಾಡುತ್ತವೆ. ಉಕ್ಕಿನ ನುಣ್ಣನೆ ಪುಡಿಯನ್ನು ಮೇಣ, ಪ್ಲಾಸ್ಟಿಕ್ಕಿನ ಜೊತೆ ಕಲಸಿ ಅಚ್ಚಿಗೆ ಒತ್ತಿ, ಆಮೇಲೆ ಅಂಟು ತೆಗೆದು ಭಟ್ಟಿಯಲ್ಲಿ ಸುಡುತ್ತಾರೆ. ಸುಟ್ಟಾಗ ಅದು ಶೇ 15ರಿಂದ 20ರಷ್ಟು ಕುಗ್ಗುತ್ತದೆ. ಖಾನಾಪುರದ ಕುಂಬಾರರನ್ನು ಕೇಳಿ, ಹಸಿ ಮಡಕೆಗೂ ಸುಟ್ಟ ಮಡಕೆಗೂ ಎಷ್ಟು ವ್ಯತ್ಯಾಸ ಅಂತ ಕೈಯಲ್ಲೇ ತೋರಿಸುತ್ತಾರೆ. ಎಂಐಎಂ ಅಂದರೇನೇ ಕಳಪೆ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಪುಡಿ ಸರಿ ಇದ್ದು ಭಟ್ಟಿ ಹಿಡಿತದಲ್ಲಿದ್ದರೆ ಒಳ್ಳೆಯ ಭಾಗವೇ ಬರುತ್ತದೆ. ಭಟ್ಟಿ ಕೈಕೊಟ್ಟರೆ ಒಂದಲ್ಲ, ಇಡೀ ಟ್ರೇ ಹೋಗುತ್ತದೆ, ಮತ್ತು ಹೊರಗಿನಿಂದ ಎಲ್ಲವೂ ಒಂದೇ ಥರ ಚೆಂದ ಕಾಣುತ್ತವೆ.

ಇನ್ನೊಂದು ಪ್ರಸಂಗ, ಇದು ಜೋಡಣೆಯದಲ್ಲ, ಡಿಸೈನಿನದು. ಆದರೂ ಪರೀಕ್ಷೆ ಮಾಡುವವರು ಕೇಳಿಸಿಕೊಳ್ಳಬೇಕು. ಸಿಗ್ ಸಾವರ್ ಕಂಪನಿಯ ಪಿ320 ಪಿಸ್ತೂಲನ್ನು 2017ರ ಜನವರಿಯಲ್ಲಿ ಅಮೆರಿಕದ ಸೈನ್ಯ ಆರಿಸಿಕೊಂಡಿತು. ಬೀಳಿಸಿ ನೋಡುವ ಮಾಮೂಲಿ ಪರೀಕ್ಷೆಗಳನ್ನೆಲ್ಲ ಆ ಮಾದರಿ ಪಾಸು ಮಾಡಿತ್ತು. ಅದೇ ವರ್ಷ ಆಗಸ್ಟಿನಲ್ಲಿ ಕೆಲವರು ಅದನ್ನು ಪುಸ್ತಕದಲ್ಲಿಲ್ಲದ ಒಂದು ಓರೆ ಕೋನದಲ್ಲಿ, ಹಿಂಭಾಗ ನೆಲಕ್ಕೆ ಬಡಿಯುವಂತೆ ಬೀಳಿಸಿದರು. ಯಾರೂ ಮುಟ್ಟದೆ ಗುಂಡು ಹಾರಿತು. ಟ್ರಿಗರಿನ ತುಂಡು ಭಾರವಾಗಿತ್ತು, ಗನ್ನು ನೆಲಕ್ಕೆ ಬಡಿದು ನಿಂತರೂ ಅದು ತನ್ನ ವೇಗದಲ್ಲಿ ಹಿಂದೆ ಸರಿಯುತ್ತಿತ್ತು. ಕಂಪನಿ ಹಗುರ ಟ್ರಿಗರ್ ಹಾಕಿಕೊಡಲು ಒಪ್ಪಿತು. ನೀವು ಕೇಳಿದ ಪ್ರಶ್ನೆಗೆ ಮಾಲು ಉತ್ತರ ಕೊಡುತ್ತದೆ, ಕೇಳದ್ದಕ್ಕೆ ಗಿರಾಕಿಯ ಮನೆಯಲ್ಲಿ ಕೊಡುತ್ತದೆ.

ಅಂದ ಹಾಗೆ, ಅಮೆರಿಕದಲ್ಲಿ ಮಕ್ಕಳ ಆಟಿಕೆ, ಟೋಸ್ಟರುಗಳನ್ನು ವಾಪಸ್ ಕರೆಸುವ ಅಧಿಕಾರ ಇರುವ ಸರ್ಕಾರಿ ಆಯೋಗಕ್ಕೆ ಬಂದೂಕಿನ ಮೇಲೆ ಅಧಿಕಾರವೇ ಇಲ್ಲ. 1972ರ ಕಾನೂನಿನಲ್ಲೇ ಅದನ್ನು ಹೊರಗಿಟ್ಟಿದ್ದಾರೆ. ಹಾಗಾಗಿ ಅಲ್ಲಿ ಆಟಿಕೆ ಪಿಸ್ತೂಲು ಕೆಟ್ಟಿದ್ದರೆ ಸರ್ಕಾರ ಹಿಡಿಯುತ್ತದೆ, ನಿಜದ ಪಿಸ್ತೂಲು ಕೆಟ್ಟಿದ್ದರೆ ಕಂಪನಿಯೇ ಮನಸ್ಸು ಮಾಡಬೇಕು, ಇಲ್ಲವೇ ಕೋರ್ಟು.

ನಮ್ಮ ನಾಲ್ಕನೇ ಮನೆಗೆ ವಾಪಸ್ ಬರೋಣ. ಮಾಮಾ ರಿವಾಲ್ವರನ್ನು ಕೊಂಡ ಅಂಗಡಿಗೇ ಒಯ್ದರು. ನಾನು ಕೈ ಹಚ್ಚಲಿಲ್ಲ. ಅಂಗಡಿಯವರೇ ಖಾಲಿ ಮಾಡಿ, ಸಿಲಿಂಡರ್ ತೆರೆದು ದೀಪದ ಕೆಳಗೆ ಹಿಡಿದರು. ಕಣ್ಣಿಗೆ ಆರೂ ಒಂದೇ. 'ಒಂದು ಕಡ್ಡಿಗೆ ಅರಳೆ ಸುತ್ತಿ ಒಂದೊಂದು ಮನೀ ಅಂಚಿನಾಗ ತಿರುವ್ರಿ' ಅಂದೆ. ಇದು ನಮ್ಮ ಟೇಬಲ್ಲಿನ ಹಳೇ ವಿದ್ಯೆ. ಬರ್, ಅಂದರೆ ಲೋಹ ಕೊರೆದಾಗ ಅಂಚಿನಲ್ಲಿ ಉಳಿಯುವ ಸಣ್ಣ ಮುಳ್ಳು, ಎಲ್ಲಿದೆ ಅಂತ ಕಣ್ಣಿಗೆ ಕಾಣದಿದ್ದರೂ ಅರಳೆ ಹೇಳುತ್ತದೆ. ಒಂದು, ಎರಡು, ಮೂರು, ಸ್ವಚ್ಛ. ನಾಲ್ಕನೆಯದರಲ್ಲಿ ತಿರುವಿ ತೆಗೆದಾಗ ಒಂದು ಎಳೆ ಅಲ್ಲೇ ಉಳಿಯಿತು, ಬೇಲಿಗೆ ಸಿಕ್ಕಿದ ಹತ್ತಿಯಂತೆ. ಐದು, ಆರು ಸ್ವಚ್ಛ.

ತೂತನ್ನು ಅಳತೆಗೆ ತರಲು ರೀಮರ್ ಆಡಿಸಿದ ಮೇಲೆ ಅಂಚಿನ ಬರ್ ತೆಗೆದಿರಲಿಲ್ಲ. ಕಾಡತೂಸು ಆ ಮುಳ್ಳಿನ ಮೇಲೆ ಕೂದಲೆಳೆಯಷ್ಟು ಎತ್ತರದಲ್ಲಿ ನಿಲ್ಲುತ್ತಿತ್ತು. ಮೊದಲ ಏಟು ಅದನ್ನು ಒಳಕ್ಕೆ ತಳ್ಳುವುದರಲ್ಲೇ ಖರ್ಚು, ಮದ್ದಿಗೆ ತಟ್ಟುವಷ್ಟು ಜೋರು ಉಳಿಯುತ್ತಿರಲಿಲ್ಲ. ಎರಡನೇ ಏಟಿಗೆ ಅದು ಗಟ್ಟಿ ಕೂತಿರುತ್ತಿತ್ತು, ಹಾರುತ್ತಿತ್ತು.

ಎರಡು ನಿಮಿಷದ ಕೆಲಸ. ನಮ್ಮಲ್ಲಿ ಅಪ್ರೆಂಟಿಸ್ ಹುಡುಗ ಚಹಾ ಕುಡಿಯುತ್ತಾ ಮಾಡುತ್ತಿದ್ದ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಲೈಸೆನ್ಸ್ ಇಲ್ಲದವರು ಬಂದೂಕು ರಿಪೇರಿ ಮಾಡುವಂತಿಲ್ಲ. ಇರಬೇಕಾದ ಕಾನೂನೇ. ಅಂಗಡಿಯವರಿಗೆ ಇದ್ದದ್ದು ಮಾರುವ ಲೈಸೆನ್ಸ್. ಬೇರೆಯದು ಬದಲಿ ಕೊಡಿ ಅಂದರೆ ಲೈಸೆನ್ಸಿನಲ್ಲಿ ಗನ್ನಿನ ನಂಬರ್ ಬರೆದಿದೆ, ನಂಬರ್ ಬದಲಾದರೆ ಮತ್ತೆ ಡಿಸಿ ಕಚೇರಿ. ಕುಕ್ಕರ್ ಬದಲಿಸಿದಂತಲ್ಲ ಅದು. ಕೊನೆಗೆ ಅಂಗಡಿಯವರ ಮೂಲಕ ಕಾರ್ಖಾನೆಗೆ ಹೋಯಿತು. ನಾನು ಒಂದು ಪುಟ ಬರೆದುಕೊಟ್ಟೆ: ಯಾವ ಮನೆ, ಎಷ್ಟು ಸಲ, ಅರಳೆ ಎಲ್ಲಿ ಹಿಡಿಯಿತು, ಚಿತ್ರ ಸಮೇತ.

ನಾಲ್ಕು ತಿಂಗಳು. ನಡುವೆ ಚುನಾವಣೆ ಬಂತು, ಠಾಣೆಯಿಂದ ಫೋನು: 'ಗೌಡ್ರ, ನಿಮ್ಮ ರಿವಾಲ್ವರ್ ಇನ್ನೂ ಜಮಾ ಆಗಿಲ್ಲಲ್ರಿ?' ಮಾಮಾ ಅಂಗಡಿಯ ರಸೀದಿ ಹಿಡಿದು ಠಾಣೆಗೆ ಹೋದರು. 'ಹೊಸಾದು ಅಂತೀರಿ, ರಿಪೇರಿಗೆ ಹೋಗೇದ ಅಂತೀರಿ' ಅಂತ ಸಾಹೇಬರಿಗೆ ಅನುಮಾನ. ಪಾಪ, ಅವರ ಅನುಮಾನ ನ್ಯಾಯವಾದದ್ದೇ.

ವಾಪಸ್ ಬಂದ ದಿನ ಅಂಗಡಿಯಲ್ಲಿ ಮತ್ತೆ ಅರಳೆ ತಿರುವಿಸಿದೆವು. ಆರೂ ಮನೆ ಸ್ವಚ್ಛ. ನಾಲ್ಕನೆಯದರ ಅಂಚಿನಲ್ಲಿ ಕಲ್ಲಾಡಿಸಿದ ಹೊಳಪು ಕಾಣುತ್ತಿತ್ತು. ಯಾರೋ ಒಬ್ಬ ಒಳ್ಳೆಯ ಫಿಟ್ಟರ್ ಕೂತು ಮಾಡಿದ್ದಾನೆ, ಅವನ ಕೈಗೆ ನಮಸ್ಕಾರ. ಡಬ್ಬಿಯಲ್ಲಿ ಎರಡನೇ ಚೀಟಿ ಇತ್ತು: 'ಪರೀಕ್ಷಿಸಲಾಯಿತು. ಯಾವುದೇ ದೋಷ ಕಂಡುಬಂದಿಲ್ಲ.' ಅದೇ ಗೀಚು ಸಹಿ.

ನಿಮ್ಮಲ್ಲಿ ಕ್ವಾಲಿಟಿಗೆ ಸೇರುವವರು ಈ ಎರಡನೇ ಚೀಟಿಯನ್ನು ಮೊದಲನೆಯದಕ್ಕಿಂತ ಗಮನವಿಟ್ಟು ನೋಡಬೇಕು. ಬರ್ ಹೋಯಿತು, ಆದರೆ ರಿಜಿಸ್ಟರಿಗೆ ಏರಲಿಲ್ಲ. ರೀಮರ್ ಮೊಂಡಾಗಿತ್ತೋ, ಡಿಬರಿಂಗ್ ಮಾಡುವವನು ಆ ದಿನ ರಜೆಯಲ್ಲಿದ್ದನೋ, ಅದೇ ಲಾಟಿನ ಉಳಿದ ಸಿಲಿಂಡರುಗಳು ಯಾವ ಯಾವ ಜಿಲ್ಲೆಗೆ ಹೋದವೋ ಅಂತ ಯಾರೂ ಕೇಳುವುದಿಲ್ಲ. ಕೇಳಲು ಕಾರಣವೇ ಇಲ್ಲ, ಕಾಗದದಲ್ಲಿ ದೋಷವೇ ಇಲ್ಲವಲ್ಲ.

ಮಾಮಾ ಚೀಟಿ ಓದಿ ಕನ್ನಡಕ ತೆಗೆದರು. 'ಏನೂ ಇರಲಿಲ್ಲಂದ್ರ ನಾಕು ತಿಂಗಳು ಇಟಗೊಂಡು ಏನ್ ಮಾಡಿದ್ರಂತ ತಮ್ಮಾ?'

ಎರಡೂ ಚೀಟಿಗಳ ಝೆರಾಕ್ಸ್ ಇಲ್ಲಿವೆ, ನಂಬರ್ ಇರುವ ಜಾಗ ಮಸಿ ಬಳಿದಿದ್ದೇನೆ. ಮುಂದಿನ ಬೆಂಚಿನಿಂದ ಹಿಂದಕ್ಕೆ ದಾಟಿಸಿರಿ. ಪ್ರಶ್ನೆ ಇದ್ದವರು ಕೇಳ್ರಿ, ನನ್ನ ಬಸ್ಸಿಗೆ ಇನ್ನೂ ಅರ್ಧ ತಾಸು ಇದೆ.