ಉಸಿರಿಗೊಂದು ಊರುಗೋಲು

ಕೇಳುಗರೇ, ನಮಸ್ಕಾರ. ತೀವ್ರ ನಿಗಾ ಘಟಕದ ಹೊರಗೆ, ಔಷಧದ ಚೀಟಿ ಹಿಡಿದು ಬೆಂಚಿನ ಮೇಲೆ ರಾತ್ರಿ ಕಳೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿದ್ದೇನೆ. ವೆಂಟಿಲೇಟರ್ ಹಾಕಿದ ಸುದ್ದಿ ತಲುಪುವುದೇ ತಡ, ಊರಿನಿಂದ ಫೋನ್ ಬರುತ್ತದೆ: "ಇನ್ನೇನಿದೆ, ಮನೆಗೆ ಕರೆತಂದುಬಿಡಿ." ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ವೆಂಟಿಲೇಟರ್ ಕಾಯಿಲೆಯಲ್ಲ, ಔಷಧವೂ ಅಲ್ಲ. ಅದೊಂದು ಊರುಗೋಲು. ಮೂಳೆ ಕೂಡುವವರೆಗೆ ಕೋಲು ಬೇಕು. ಕೂಡಿದ ಮೇಲೆ ಬೇಡ.

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರಕ್ಕೆ ಪೋಲಿಯೊ ನುಗ್ಗಿತು. ಬ್ಲೆಗ್‌ದಾಮ್ ಆಸ್ಪತ್ರೆಗೆ ಬಂದ ಮಕ್ಕಳಿಗೆ ಉಸಿರಾಡುವ ಸ್ನಾಯುಗಳೇ ಸೋತಿದ್ದವು. ಮೊದಲ ಮೂರು ವಾರಗಳಲ್ಲಿ ಹೀಗೆ ಉಸಿರು ಕಟ್ಟಿದ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು. ಆಗ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅವರನ್ನು ಕರೆಸಿದರು. ಆಗಸ್ಟ್ 27ರಂದು ಅವರು 12 ವರ್ಷದ ಹುಡುಗಿಯೊಬ್ಬಳ ಕುತ್ತಿಗೆಯಲ್ಲಿ ರಂಧ್ರ ಮಾಡಿಸಿ, ನಳಿಕೆ ಕೂರಿಸಿ, ರಬ್ಬರ್ ಚೀಲವನ್ನು ಹಿಸುಕಿ ಗಾಳಿ ತುಂಬಿದರು. ಹುಡುಗಿ ಬದುಕಿದಳು. ಆದರೆ ಉಳಿದ ಮಕ್ಕಳಿಗೆ ಯಂತ್ರಗಳೆಲ್ಲಿ? ಇರಲಿಲ್ಲ. ಸುಮಾರು 1,500 ವೈದ್ಯವಿದ್ಯಾರ್ಥಿಗಳು ಪಾಳಿಯ ಮೇಲೆ ಬಂದು ಹಾಸಿಗೆಯ ಪಕ್ಕ ಕುಳಿತರು. ಹಿಸುಕು, ಬಿಡು. ಹಿಸುಕು, ಬಿಡು. ಹಗಲೂ ರಾತ್ರಿ, ವಾರಗಟ್ಟಲೆ, ಕೈ ನೋಯುವವರೆಗೆ, ನೋಯತೊಡಗಿದ ಮೇಲೂ. ಸಾವಿನ ಪ್ರಮಾಣ ನೂರಕ್ಕೆ ಎಂಬತ್ತೇಳರಿಂದ ಇಳಿಯುತ್ತಾ ಇಳಿಯುತ್ತಾ ಇಪ್ಪತ್ತೈದರ ಹತ್ತಿರಕ್ಕೆ ಬಂತು. ಆ ಹುಡುಗ ಹುಡುಗಿಯರ ಬೆರಳುಗಳು ಪೋಲಿಯೊವನ್ನು ವಾಸಿ ಮಾಡಲಿಲ್ಲ. ಸ್ನಾಯುಗಳು ಚೇತರಿಸಿಕೊಳ್ಳುವುದಕ್ಕೆ ಬೇಕಾದ ದಿನಗಳನ್ನು ಗಳಿಸಿಕೊಟ್ಟವು. ಇಂದಿನ ವೆಂಟಿಲೇಟರ್ ಆ ಬೆರಳುಗಳ ಕೆಲಸವನ್ನೇ ಮಾಡುತ್ತಿದೆ, ಅಷ್ಟೇ.

ಈ ಕಥೆ ಹೇಳಲು ಕುಳಿತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಉಳಿದದ್ದನ್ನು ಬೇಗ ಹೇಳುತ್ತೇನೆ. "ಎಷ್ಟು ದಿನ ಆಯಿತು?" ಎಂದು ಎಣಿಸಬೇಡಿ. "ಯಾವ ಕಾಯಿಲೆ ವಾಸಿಯಾಗಲೆಂದು ಕಾಯುತ್ತಿದ್ದೇವೆ?" ಎಂದು ವೈದ್ಯರನ್ನು ಕೇಳಿ. ಹಾವಿನ ವಿಷದಿಂದ ಉಸಿರು ನಿಂತವರಿಗೆ ಕೋಲು ಕೆಲವೇ ದಿನ ಬೇಕಾದೀತು. ಗಿಯನ್ ಬಾರೆ ಎಂಬ ನರದ ಕಾಯಿಲೆಯಲ್ಲಿ ವಾರಗಳು, ತಿಂಗಳುಗಳು. ಕಾಯಿಲೆಯೇ ಹಿಂದಿರುಗದಷ್ಟು ಮುಂದೆ ಹೋಗಿದ್ದರೆ ಕೋಲು ಏನೂ ಮಾಡದು, ಅದನ್ನೂ ವೈದ್ಯರ ಬಾಯಿಂದಲೇ ಕೇಳಿ ತಿಳಿಯಿರಿ. ಕುತ್ತಿಗೆಯಲ್ಲಿ ರಂಧ್ರ ಮಾಡುತ್ತೇವೆ ಎಂದರೆ ಗಾಬರಿ ಬೇಡ. ಬಾಯಿಯ ನಳಿಕೆಗಿಂತ ಅದು ರೋಗಿಗೆ ಹಿತ. ಮತ್ತು ದಯವಿಟ್ಟು ಹಾಸಿಗೆಯ ಪಕ್ಕ ನಿಂತು "ಇವನ ಕಥೆ ಮುಗಿಯಿತು" ಎನ್ನಬೇಡಿ. ಕಿವಿ ಕೇಳುತ್ತಿರುತ್ತದೆ.

ಗಿಯನ್ ಬಾರೆ ಆಗಿದ್ದ ರೈತರೊಬ್ಬರು ನಲವತ್ತನೆಯ ದಿನವೂ ನಮ್ಮ ವೆಂಟಿಲೇಟರ್ ಮೇಲಿದ್ದರು. ಕೈಕಾಲು ಅಲುಗದು, ನಳಿಕೆಯಿಂದಾಗಿ ಮಾತಿಲ್ಲ, ಬುದ್ಧಿ ಮಾತ್ರ ಚುರುಕು. ಅವರ ಹೆಂಡತಿ ಮಗಳ ಕಾಗುಣಿತದ ಪಟ ತಂದು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟರು. "ಹ"ಕ್ಕೆ ಬಂದಾಗ ರೆಪ್ಪೆ ಮಿಟುಕಿತು. ಆಮೇಲೆ "ಸು". ಹಸು! ಅವರು ಆಸ್ಪತ್ರೆಗೆ ಬರುವಾಗ ಅದು ತುಂಬಿದ ಗಬ್ಬವಾಗಿತ್ತಂತೆ. ಆಕೆ ಗಂಡನ ಕಿವಿಗೆ ಬಾಗಿ ಹೇಳಿದರು: "ಹೆಣ್ಣುಗರು. ನಿಮ್ಮ ಹಾಗೆಯೇ ಹಣೆಯ ಮೇಲೆ ಒಂದು ಮಚ್ಚೆ ಇದೆ."