ಅವನೇ ಮೊದಲು ಕೈ ಮಾಡಿದ್ದು ಸಾರ್

ಕೇಳುಗರಿಗೆ ನಮಸ್ಕಾರ.

ಹೊಡೆದಾಟದ ಕೇಸು ಹೊತ್ತು ನಮ್ಮಂಥ ವಕೀಲರ ಹತ್ತಿರ ಬರುವವರ ಮೊದಲ ಮಾತು ಸಾಮಾನ್ಯವಾಗಿ ಒಂದೇ. "ಅವನೇ ಮೊದಲು ಕೈ ಮಾಡಿದ್ದು ಸಾರ್." ಮೂಗಿಗೆ ಬ್ಯಾಂಡೇಜ್ ಸುತ್ತಿಕೊಂಡ ಎದುರು ಪಾರ್ಟಿಯೂ ತನ್ನ ವಕೀಲರ ಮುಂದೆ ಇದನ್ನೇ ಹೇಳಿರುತ್ತಾನೆ, ಬಿಡಿ. ಹಾಗಾಗಿ ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ನೀವು ಕೊನೆಯ ಏಟು ಕೊಟ್ಟಾಗ ಅವನು ನಿಂತಿದ್ದನೋ, ಬಿದ್ದಿದ್ದನೋ?

ಯಾಕೆ ಅಂತ ಹೇಳುತ್ತೇನೆ. ಸಂಜೆ ಏಳು ಗಂಟೆ, ಮೈಸೂರು ರಸ್ತೆ, ಗಾಳಿ ಆಂಜನೇಯ ದೇವಸ್ಥಾನದ ಹತ್ತಿರ ಟ್ರಾಫಿಕ್ ಅಂದುಕೊಳ್ಳಿ. ಸ್ಕೂಟರ್ ಹ್ಯಾಂಡಲ್ ಕಾರಿನ ಕನ್ನಡಿಗೆ ತಗುಲಿತು. ಕಾರಿನವನು ಇಳಿದು ಅಮ್ಮ, ಅಕ್ಕ ಎಲ್ಲರನ್ನೂ ಸೇರಿಸಿ ಬೈದ. ಬರೀ ಬೈಗುಳಕ್ಕೆ ಆತ್ಮರಕ್ಷಣೆಯ ಹಕ್ಕು ಬರುವುದಿಲ್ಲ. ಆಮೇಲೆ ಡಿಕ್ಕಿಯಿಂದ ಸ್ಪ್ಯಾನರ್ ತೆಗೆದು ಬೀಸಲು ಬಂದ. ಈಗ ಬಂತು ಹಕ್ಕು. ತಲೆ ಒಡೆಯುವವರೆಗೂ ಕಾಯಬೇಕಿಲ್ಲ, ಒಡೆಯುತ್ತಾನೆ ಅನ್ನುವ ನಿಜವಾದ ಭಯ ಸಾಕು. ಸ್ಕೂಟರಿನವನು ಅವನ ಕೈ ತಿರುಚಿ ತಳ್ಳಿದ. ಅವನು ಬಿದ್ದ, ಸ್ಪ್ಯಾನರ್ ಯಾವುದೋ ಬಸ್ಸಿನಡಿ ಹೋಯಿತು. ಇಲ್ಲಿಗೆ ನಿಂತಿದ್ದರೆ ಭಾರತೀಯ ನ್ಯಾಯ ಸಂಹಿತೆಯ 34ನೇ ಸೆಕ್ಷನ್ ಪ್ರಕಾರ ಅದು ಅಪರಾಧವೇ ಅಲ್ಲ.

ನಿಲ್ಲಲಿಲ್ಲ. ಬಿದ್ದವನ ಬಾಯಿಗೆ ಒದ್ದ. ಒಂದು ಹಲ್ಲು ಮುರಿಯಿತು.

ಒಂದು ಹಲ್ಲು ತಾನೇ ಅಂತೀರಾ? ಕಾನೂನಿನ ಲೆಕ್ಕದಲ್ಲಿ ಹಲ್ಲು ಮುರಿದರೂ ಮೂಳೆ ಮುರಿದಂತೆಯೇ. ತೀವ್ರ ಗಾಯ, 7 ವರ್ಷದವರೆಗೆ ಜೈಲು. ಕೆಳಗೆ ಬಿದ್ದು ಕೈ ಬರಿದಾದವನಿಂದ ಇನ್ನು ಅಪಾಯವಿರಲಿಲ್ಲ, ಅಪಾಯದ ಜೊತೆಗೇ ಹಕ್ಕೂ ಹೋಗಿತ್ತು. ಹಾಗಂತ ಗಾಬರಿಯಲ್ಲಿ ಇದ್ದವನ ಏಟನ್ನು ಕೋರ್ಟು ಚಿನ್ನದ ತಕ್ಕಡಿಯಲ್ಲಿ ತೂಗುವುದಿಲ್ಲ. ಅಲ್ಪಸ್ವಲ್ಪ ಹೆಚ್ಚುಕಡಿಮೆ ಮನ್ನಿಸುತ್ತದೆ. ಒದೆ ಅಂಥದ್ದಲ್ಲ.

"ಅವನು ಅಷ್ಟು ಕೆಣಕಿದ್ದನಲ್ಲ ಸಾರ್?" ಸರಿ, ಅದು ಇನ್ನೊಂದು ಬಾಗಿಲು. ಜನ ಜಾಸ್ತಿ ಎಡವುವುದು ಇಲ್ಲೇ. ಆತ್ಮರಕ್ಷಣೆ ಗೆದ್ದರೆ ಬಿಡುಗಡೆ. ಕೆಣಕಿದ್ದು ಸಾಬೀತಾದರೆ ಶಿಕ್ಷೆ ಇಳಿಯುತ್ತದೆ, ಅಷ್ಟೇ. 122ನೇ ಸೆಕ್ಷನ್ ಪ್ರಕಾರ ಆ 7 ವರ್ಷ 5ಕ್ಕೆ ಬರಬಹುದು. ಅದಕ್ಕೂ ಕೆರಳಿಸಿದ್ದು ಗಂಭೀರವಾಗಿರಬೇಕು, ದಿಢೀರನೆ ಆಗಿರಬೇಕು. ನೀವೇ ಹೋಗಿ ಜಗಳ ಕೆದಕಿದ್ದರೆ ನಡೆಯುವುದಿಲ್ಲ. ಟ್ರಾಫಿಕ್ ಪೊಲೀಸರು ಕಾನೂನು ಪ್ರಕಾರ ಗಾಡಿ ತಡೆದು ದಂಡ ಹಾಕಿದ್ದಕ್ಕೆ ಸಿಟ್ಟು ಬಂತು ಅಂದರೂ ನಡೆಯುವುದಿಲ್ಲ.

ಮನೆಗೆ ಹೋಗಿ ಕಾಫಿ ಕುಡಿದು, ಹುಡುಗರನ್ನು ಕರೆದುಕೊಂಡು ವಾಪಸ್ ಬಂದರೆ? ಮುಂಬೈಯ ನಾನಾವತಿ ಕೊಲೆ ಕೇಸು ನೆನಪಿರಬಹುದು. 1959ರ ಘಟನೆ. ನೌಕಾಪಡೆಯ ಅಧಿಕಾರಿ ನಾನಾವತಿ ತನ್ನ ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ. ಆ ಸಂಬಂಧದ ವಿಷಯ ಹೆಂಡತಿಯ ಬಾಯಿಂದ ಕೇಳಿದ್ದಕ್ಕೂ ಗುಂಡು ಹಾರಿಸಿದ್ದಕ್ಕೂ ನಡುವೆ ಸುಮಾರು 3 ಗಂಟೆ ಕಳೆದಿತ್ತು. ಮನಸ್ಸು ಹತೋಟಿಗೆ ಬರಲು ಅಷ್ಟು ಹೊತ್ತು ಸಾಕಿತ್ತು ಅಂತ 1961ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಇನ್ನೊಂದು ಮಾತು. ಆತ್ಮರಕ್ಷಣೆ ಅಂತ ತೋರಿಸುವ ಹೊಣೆ ಅದನ್ನು ಹೇಳಿದವನದೇ. ಪೂರ್ತಿ ಸಾಬೀತು ಬೇಡ, ಹೀಗೇ ಆಗಿರಬಹುದು ಅನ್ನಿಸಿದರೆ ಸಾಕು. ಹಾಗಾಗಿ ನಿಮಗೂ ಏಟು ಬಿದ್ದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ ಗಾಯ ಬರೆಸಿಕೊಳ್ಳಿ. ಎದುರಿನ ಕಾಂಡಿಮೆಂಟ್ಸ್ ಅಂಗಡಿಯ ಕ್ಯಾಮೆರಾ ನೋಡಿಕೊಂಡು, ಅದರ ದೃಶ್ಯ ತೆಗೆಸಿಡಿ ಅಂತ ಠಾಣೆಯಲ್ಲಿ ಬರವಣಿಗೆಯಲ್ಲೇ ಕೊಡಿ. ಕೆಲವು ದಿನ ಆದರೆ ಅದರ ಮೇಲೆ ಬೇರೆ ರೆಕಾರ್ಡ್ ಆಗಿಬಿಡುತ್ತದೆ.

ನಮಸ್ಕಾರ.