ಹುಟ್ಟಿನಿಂದ ಬಂದದ್ದೆಷ್ಟು, ಕಲಿತದ್ದೆಷ್ಟು?

ಕೇಳುಗರೆಲ್ಲರಿಗೂ ನಮಸ್ಕಾರ.

ಕೊಪ್ಪಳದ ಹತ್ತಿರ ಕಿನ್ನಾಳ ಅಂತ ಊರಿದೆ. ಬಣ್ಣದ ಗೊಂಬೆಗಳಿಗೆ ಹೆಸರಾದ ಊರು. ಅಲ್ಲಿನ ಚಿತ್ರಗಾರರ ಕೆಲಸ ನೋಡಿದವರು ಒಂದು ಮಾತು ಹೇಳದೆ ಬರುವುದಿಲ್ಲ: 'ಇದು ಅವರಿಗೆ ರಕ್ತದಾಗೇ ಬಂದೈತಿ ಬಿಡ್ರಿ.' ಹೊಗಳಿಕೆಗೇನೋ ಚೆನ್ನಾಗಿದೆ. ಆದರೆ ಹುಣಸೆ ಬೀಜದ ಅಂಟು ಎಷ್ಟು ಗಟ್ಟಿಯಿದ್ದರೆ ಗೊಂಬೆಯ ತೋಳು ಮೈಗೆ ಸರಿಯಾಗಿ ಕೂರುತ್ತದೆ ಅನ್ನುವುದು ರಕ್ತದಲ್ಲಿ ಹೇಗೆ ಬರುತ್ತದೆ? ಅದು ಬೆರಳಿಗೆ ತಿಳಿಯಬೇಕು. ಅಪ್ಪನ ಪಕ್ಕ ಕೂತು, ಒಂದಿಷ್ಟು ಅಂಟು ಕೆಡಿಸಿ, ಬೈಸಿಕೊಂಡು ತಿಳಿಯಬೇಕು.

ಹಾಗಂತ ಎಲ್ಲವೂ ಹುಟ್ಟಿದ ಮೇಲೆ ಕಲಿತದ್ದೇ ಅಂದುಬಿಡೋಣವೇ? ಅದೂ ಅಷ್ಟು ಸಲೀಸಲ್ಲ. ಈಗಷ್ಟೇ ಹುಟ್ಟಿದ ಕೂಸಿನ ಕೆನ್ನೆಗೆ ಬೆರಳು ತಾಕಿಸಿ. ಆ ಕಡೆಗೇ ಮುಖ ತಿರುಗಿಸಿ ಬಾಯಿ ತೆರೆಯುತ್ತದೆ. ಯಾರು ಹೇಳಿಕೊಟ್ಟರು? ನಮ್ಮ ಹಳೆಯ ತರ್ಕಶಾಸ್ತ್ರದ ಗ್ರಂಥ ನ್ಯಾಯಸೂತ್ರದ ಮೂರನೇ ಅಧ್ಯಾಯದಲ್ಲಿ ಇದೇ ಚರ್ಚೆ ಬರುತ್ತದೆ. ಕೂಸು ಹಾಲಿಗೆ ಹಾತೊರೆಯುವುದು ಹಿಂದಿನ ಜನ್ಮದ ಅಭ್ಯಾಸದಿಂದ ಅನ್ನುತ್ತದೆ ಸೂತ್ರ. ಎದುರಾಳಿ ಸುಮ್ನಿರುತ್ತಾನೆಯೇ? ಕಬ್ಬಿಣವೂ ಸೂಜಿಗಲ್ಲಿನ ಕಡೆ ಹೋಗುತ್ತದಲ್ಲ, ಹಾಗೇ ಇದೂ ಅನ್ನುತ್ತಾನೆ. ಸೂತ್ರ ಅದಕ್ಕೂ ಉತ್ತರ ಕೊಡುತ್ತದೆ, ಅದಿರಲಿ. ನನಗೆ ಮಾತ್ರ ಆ ಎದುರಾಳಿಯೇ ಜಾಸ್ತಿ ಇಷ್ಟ.

ಯುರೋಪಿನಲ್ಲೂ ಈ ಜಗಳ ಜೋರಾಗಿಯೇ ನಡೆಯಿತು. ಹುಟ್ಟುವಾಗ ಮನಸ್ಸು ಬಿಳಿ ಹಾಳೆ, ಅದರ ಮೇಲೆ ಬರೆಯುವುದೆಲ್ಲ ಅನುಭವ ಅಂದವನು ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್. ಜರ್ಮನಿಯ ಲೈಬ್ನಿಟ್ಸ್ ಒಪ್ಪಲಿಲ್ಲ. ಹಾಳೆಯಲ್ಲ, ಒಳಗೇ ಗೆರೆಗಳಿರುವ ಅಮೃತಶಿಲೆ ಅಂದ. ಮೂರ್ತಿ ಹೇಗಿರಬೇಕು ಅನ್ನುವುದನ್ನು ಆ ಗೆರೆಗಳು ಮೊದಲೇ ತೋರಿಸುತ್ತವೆ. ಆದರೂ ಉಳಿಯ ಏಟು ಬೀಳದೆ ಮೂರ್ತಿ ಹೊರಗೆ ಬರುವುದಿಲ್ಲ.

ಲಾಕ್‌ನ ಗೆಳೆಯ ಒಬ್ಬನಿದ್ದ, ಡಬ್ಲಿನ್ನಿನ ವಿಲಿಯಂ ಮಾಲಿನೊ. ಮದುವೆಯಾದ ಸ್ವಲ್ಪ ಕಾಲದಲ್ಲೇ ಅವನ ಹೆಂಡತಿಗೆ ಕಣ್ಣು ಹೋಗಿತ್ತು. ಅವನು ಲಾಕ್‌ಗೆ ಬರೆದು ಕೇಳಿದ ಪ್ರಶ್ನೆ ಇದು. ಹುಟ್ಟಿನಿಂದ ಕಣ್ಣು ಕಾಣದವನೊಬ್ಬ ಗುಂಡು ಯಾವುದು, ಚೌಕದ ಘನ ಯಾವುದು ಅಂತ ಮುಟ್ಟಿ ಹೇಳಬಲ್ಲ. ಅವನಿಗೆ ಇದ್ದಕ್ಕಿದ್ದಂತೆ ನೋಟ ಬಂತು ಅನ್ನಿ. ಮುಟ್ಟದೆ, ಬರೀ ನೋಡಿ ಹೇಳಬಲ್ಲನೇ? ಇಲ್ಲ ಅನ್ನುವುದೇ ಇಬ್ಬರ ಉತ್ತರ. ಲಾಕ್ ಇದನ್ನು 1694ರಲ್ಲಿ ತನ್ನ ಪುಸ್ತಕದ ಎರಡನೇ ಮುದ್ರಣಕ್ಕೆ ಸೇರಿಸಿದ.

ಸರಿಯಾಗಿ ಪರೀಕ್ಷೆ ಮಾಡಿ ನೋಡಲು ಮೂರು ಶತಮಾನ ಬೇಕಾಯಿತು. ಉತ್ತರ ಕೊಟ್ಟವರು ನಮ್ಮ ದೇಶದ ಮಕ್ಕಳು. ಮೆದುಳಿನ ವಿಜ್ಞಾನಿ ಪವನ್ ಸಿನ್ಹಾ ಅವರ 'ಪ್ರಾಜೆಕ್ಟ್ ಪ್ರಕಾಶ್' ಕಣ್ಣು ಕಾಣದ ಮಕ್ಕಳಿಗೆ ಚಿಕಿತ್ಸೆ ಕೊಡಿಸುತ್ತದೆ. ಹುಟ್ಟಿನಿಂದ ಕಾಣದೆ, ಆಪರೇಷನ್ ಆಗಿ ನೋಟ ಬಂದ ಐದು ಮಕ್ಕಳನ್ನು ಅವರ ತಂಡ ಪರೀಕ್ಷಿಸಿತು. 8ರಿಂದ 17 ವರ್ಷದವರು. ಆಟಿಕೆಯ ಬಿಲ್ಲೆಯಂಥ ವಸ್ತುವೊಂದನ್ನು ಮುಟ್ಟಿಸುವುದು, ಆಮೇಲೆ ಎರಡನ್ನು ತೋರಿಸಿ ಆಗ ಮುಟ್ಟಿದ್ದು ಯಾವುದು ಅಂತ ಕೇಳುವುದು. ಮುಟ್ಟಿದ್ದನ್ನು ಮತ್ತೆ ಮುಟ್ಟಿ ಗುರುತಿಸಿದರು. ನೋಡಿದ್ದನ್ನು ಮತ್ತೆ ನೋಡಿ ಗುರುತಿಸಿದರು. ಮುಟ್ಟಿದ್ದನ್ನು ನೋಡಿ ಗುರುತಿಸಬೇಕಾದಾಗ ಹೆಚ್ಚುಕಡಿಮೆ ಊಹೆ ಮಾಡಿ ಹೇಳಿದಂತಾಯಿತು. ಲಾಕ್ ಗೆದ್ದ, ಅಲ್ವಾ?

ತಡೆಯಿರಿ. ಅವರಲ್ಲಿ ಕೆಲವರನ್ನು ಆಮೇಲೆ ಮತ್ತೆ ಪರೀಕ್ಷಿಸಿದಾಗ, ಕೆಲವೇ ದಿನಗಳಲ್ಲಿ ಅದನ್ನೂ ಚೆನ್ನಾಗಿ ಹೇಳತೊಡಗಿದ್ದರು. ಅದಕ್ಕಂತ ಯಾರೂ ಪಾಠ ಮಾಡಿರಲಿಲ್ಲ. 2011ರಲ್ಲಿ ಇದು ಪ್ರಕಟವಾಯಿತು. ಕೈ ಮತ್ತು ಕಣ್ಣಿನ ನಂಟು ಮೊದಲೇ ಬೆಸೆದು ಬಂದಿರಲಿಲ್ಲ, ಸರಿ. ಆದರೆ ಅಷ್ಟು ಬೇಗ ಬೆಸೆದುಕೊಳ್ಳುವ ಶಕ್ತಿ ಬಿಳಿ ಹಾಳೆಗೆ ಎಲ್ಲಿಂದ ಬರಬೇಕು?

ಮಾತಿನ ವಿಷಯ ಇನ್ನೂ ಸೋಜಿಗ. 1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್, ಮನೆಯಲ್ಲಿ ಇಂಗ್ಲಿಷ್ ಮಾತ್ರ ಕೇಳಿ ಬೆಳೆಯುತ್ತಿದ್ದ ಕೂಸುಗಳಿಗೆ ಹಿಂದಿಯ 'ತ' ಮತ್ತು 'ಟ' ಕೇಳಿಸಿದರು. ಕೂಸು ತಾಯಿಯ ತೊಡೆ ಮೇಲೆ ಕೂತಿದೆ. ಒಂದೇ ಸದ್ದು ಮತ್ತೆ ಮತ್ತೆ ಬರುತ್ತಿದೆ. ಸದ್ದು ಬದಲಾದ ಕೂಡಲೇ ಪಕ್ಕದ ಆಟಿಕೆ ಕುಣಿಯುತ್ತದೆ. ಹಾಗಾಗಿ ವ್ಯತ್ಯಾಸ ಕೇಳಿಸಿದ ಕೂಸು ಆಟಿಕೆಗಾಗಿ ತಲೆ ತಿರುಗಿಸುತ್ತದೆ. ಆರರಿಂದ ಎಂಟು ತಿಂಗಳ ಕೂಸುಗಳು ತಿರುಗಿಸಿದವು. ವರ್ಷ ತುಂಬುವ ಹೊತ್ತಿಗೆ ಆ ಗುರುತು ಬಹುಪಾಲು ಅಳಿಸಿಹೋಗಿತ್ತು. ಕಿವಿ ಇದ್ದದ್ದನ್ನೇ ಬಿಟ್ಟುಕೊಟ್ಟಿತ್ತು. ಕಲಿಯುವುದು ಅಂದರೆ ಬರೀ ಕೂಡಿಸಿಕೊಳ್ಳುವುದಲ್ಲ, ಬೇಡದ್ದನ್ನು ಬಿಡುವುದೂ ಹೌದು.

ಮಾತು ಕಲಿಯುವ ಶಕ್ತಿ ಹುಟ್ಟಿನಿಂದಲೇ ಬರುತ್ತದೆ, ಯಾವ ಮಾತು ಅನ್ನುವುದು ಮಾತ್ರ ರಕ್ತದಲ್ಲಿಲ್ಲ. ತೆಲುಗಿನವರ ಕೂಸು ಕನ್ನಡದ ಮನೆಯಲ್ಲಿ ಬೆಳೆದರೆ ಕನ್ನಡವನ್ನೇ ಆಡುತ್ತದೆ. ನಮ್ಮ ಬಳ್ಳಾರಿ, ರಾಯಚೂರಿನಲ್ಲಿ ಎಷ್ಟೋ ಮಕ್ಕಳಿಗೆ ಒಂದೇ ಓಣಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುತ್ತವೆ. 'ಹಿಂಗಾದ್ರೆ ಮಗುವಿನ ತಲಿ ಕೆಡಂಗಿಲ್ಲೇನ್ರಿ?' ಎಂದು ಕೇಳುವ ತಾಯಂದಿರಿದ್ದಾರೆ. ಕೆಡುವುದಿಲ್ಲ ತಾಯಿ. ನಡುವೆ ಒಂದಿಷ್ಟು ಬೆರಕೆ ಮಾತಾಡೀತು, ಆಡಲಿ. ಅಜ್ಜಿ ತೆಲುಗಿನಲ್ಲಿ 'ಇಲಾ ರಾ' ಅಂತ ಕರೆಯುವುದನ್ನು ಮಾತ್ರ ನಿಲ್ಲಿಸಬೇಡಿ.

ನಮಸ್ಕಾರ.